ರವಿವಾರಕ್ಕೊಂದು ಕಂತು

ಅಪ್ಪ ತೀರಿಕೊಂಡ ಮೇಲೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ಮನೆಯ ಅಟ್ಟ ಇಳಿಸುವಾಗ ಮಗ್ಗದ ಲೆಕ್ಕದ ಹಳೆಯ ಡೈರಿಗಳು ಸಿಕ್ಕವು. ಎಷ್ಟು ಸೀರೆ ಇಳಿದವು, ನೂಲಿನ ಬಾಕಿ ಎಷ್ಟು ಉಳಿಯಿತು ಎಂಬ ಸಾಲುಗಳೇ ಎಲ್ಲ ಪುಟಗಳಲ್ಲೂ ತುಂಬಿದ್ದರೂ, 1988ರ ಅಕ್ಟೋಬರಿನಿಂದ ಮುಂದೆ ಪ್ರತಿ ರವಿವಾರದ ಪುಟದ ತಳದಲ್ಲಿ ಬೇರೆ ಶಾಯಿಯ ಎರಡು ಮೂರು ಶಬ್ದಗಳಿದ್ದವು: ‘ಗಂಗಾ ಹೋದಳು’, ‘ಭೀಷ್ಮನ ಆಣೆ’, ‘ಅರಗಿನ ಮನೆ’. ಅದು ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ ಧಾರಾವಾಹಿಯ ಲೆಕ್ಕವೆಂದು ಅವ್ವ ಹೇಳುವವರೆಗೆ ನನಗೆ ಹೊಳೆಯಲಿಲ್ಲ. 1988ರ ಅಕ್ಟೋಬರ್ 2ರಂದು ದೂರದರ್ಶನದಲ್ಲಿ ಆರಂಭವಾದ ಆ ಧಾರಾವಾಹಿ ವಾರಕ್ಕೊಂದರಂತೆ 94 ಕಂತು ನಡೆದು 1990ರ ನಡುಭಾಗದಲ್ಲಿ ಮುಗಿದಿತ್ತು.

2020ರ ಲಾಕ್‌ಡೌನಿನಲ್ಲಿ ದೂರದರ್ಶನ ಅದನ್ನು ದಿನಕ್ಕೆ ಎರಡು ಹೊತ್ತು ಮರುಪ್ರಸಾರ ಮಾಡಿದಾಗ ಅವ್ವ ಹತ್ತು ದಿನ ನೋಡಿ ಎದ್ದುಬಿಟ್ಟಿದ್ದಳು. “ಉಂಡ ಕೈ ತೊಳಕೊಳ್ಳೂದ್ರಾಗ ಮತ್ತ ಎಡಿ ಹಾಕಿಧಂಗ ಆತು” ಎಂದಿದ್ದಳು. ಡೈರಿ ಸಿಕ್ಕ ಮೇಲೆ ಅವಳೇ, ಹಿಂದೆ ನೋಡಿದ ಹಾಗೆ ವಾರಕ್ಕೊಂದೇ ನೋಡೋಣ ಎಂದಳು. ಕ್ಯಾಲೆಂಡರ್ ತಿರುವಿದರೆ 2022ರ ಅಕ್ಟೋಬರ್ 2 ಕೂಡ ರವಿವಾರವೇ ಆಗಿತ್ತು. ಇನ್ನೂ ವಿಚಿತ್ರವೆಂದರೆ 1989 ಮತ್ತು 2023ರ ವಾರ, ತಾರೀಖುಗಳು ವರ್ಷಪೂರ್ತಿ ಒಂದೇ ಇದ್ದುದರಿಂದ ಅಪ್ಪನ ಡೈರಿಯ ಖಾಲಿ ಜಾಗಗಳಲ್ಲಿ ನಾವೂ ನಮ್ಮ ಲೆಕ್ಕ ಬರೆಯಬಹುದಿತ್ತು. ರವಿವಾರ ಮುಂಜಾನೆ ಒಂದು ಕಂತು, ಹಾಡನ್ನೂ ಹಾರಿಸುವಂತಿಲ್ಲ, ಮುಂದಿನದನ್ನು ನೋಡುವಂತಿಲ್ಲ ಎಂದು ಠರಾವಾಯಿತು.

ಎರಡು ತಿಂಗಳಲ್ಲಿ ನನಗೆ ಒಂದು ಸಂಗತಿ ತಿಳಿಯಿತು. 2020ರಲ್ಲಿ ನನ್ನನ್ನು ಬೇಸರಪಡಿಸಿದ್ದೆಲ್ಲ ವಾರದ ಅಂತರಕ್ಕೆಂದೇ ಮಾಡಿಟ್ಟದ್ದಾಗಿತ್ತು. ಹರೀಶ್ ಭಿಮಾನಿಯವರ ದನಿಯಲ್ಲಿ ‘ಸಮಯ’ ಬಂದು ಹಿಂದಿನದನ್ನು ನೆನಪಿಸುವ ಮಾತುಗಳು ನಿನ್ನೆಯಷ್ಟೇ ನೋಡಿದವನಿಗೆ ಹೊರೆ; ಏಳು ದಿನ ನೂಲು, ಬಾಬಿನು, ಸಂತೆ, ಮದುವೆ ಎಂದು ಓಡಾಡಿ ಬಂದು ಕೂತವನಿಗೆ ಅವು ಕೈಹಿಡಿದು ಒಳಗೆ ಕರೆದೊಯ್ಯುವಂಥವು. ಸಭೆಯಲ್ಲಿ ಯಾರಾದರೊಬ್ಬರು ಒಂದು ಮಾತಾಡಿದರೆ ಕ್ಯಾಮೆರಾ ಭೀಷ್ಮ, ದ್ರೋಣ, ವಿದುರ ಎಂದು ಒಂದೊಂದೇ ಮುಖದ ಮೇಲೆ ನಿಲ್ಲುತ್ತದೆ. ಆ ಮುಖಗಳು ಸೋಮವಾರದಿಂದ ಶನಿವಾರದವರೆಗೆ ನಮ್ಮ ಅಡಿಗೆಮನೆಯಲ್ಲಿ ಉಳಿಯುತ್ತಿದ್ದವು. ಮುಕೇಶ್ ಖನ್ನಾ ಅವರ ಭೀಷ್ಮನ ಮೇಲೆ ಅವ್ವನಿಗೆ ತೀರದ ಸಿಟ್ಟಿತ್ತು. ಒಮ್ಮೆ ಗದಗಿನ ಭೀಷ್ಮ ಕೆರೆಯ ದಂಡೆಯಲ್ಲಿ ನಡೆಯುವಾಗ, “ಇಂಥಾವನ ಹೆಸರು ಕೆರಿಗೆ ಯಾಕ ಇಟ್ರೋ” ಎಂದು ಗಟ್ಟಿಯಾಗಿಯೇ ಅಂದುಬಿಟ್ಟಿದ್ದಳು.

ಹೇಳಬೇಕಾದದ್ದು ದ್ಯೂತಸಭೆಯ ವಿಷಯ. ಆ ಪ್ರಸಂಗ ಒಂದೇ ಕಂತಿನಲ್ಲಿ ಮುಗಿಯುವುದಿಲ್ಲ. ಅದರ ನಡುವಿನ ಒಂದು ರವಿವಾರಕ್ಕೆ ಅಪ್ಪ ‘ಕರೆಂಟ ಇಲ್ಲ’ ಎಂದಷ್ಟೇ ಬರೆದಿದ್ದರು. ಆಗ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಓಣಿಯ ಹಿಂದಿ ಮಾಸ್ತರರ ಪಡಸಾಲೆಯಲ್ಲಿ ಎಲ್ಲರೂ ಸೇರುತ್ತಿದ್ದರು, ಅವರು ಒಂದೊಂದು ಮಾತಿನ ಹಿಂದೆಯೇ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ಅಂದು ಅರ್ಧ ತಾಸು ಕಾದರೂ ಕರೆಂಟು ಬರದಿದ್ದಾಗ ಮಾಸ್ತರರು ತಮಗೆ ಬಾಯಿಪಾಠವಿದ್ದ ಕುಮಾರವ್ಯಾಸನ ಸಭಾಪರ್ವದ ಪದ್ಯಗಳನ್ನು ಹಾಡಿದರಂತೆ. ಹೀಗಾಗಿ ದ್ರೌಪದಿಯ ಮೊರೆಯನ್ನು ಅವ್ವ ಕೇಳಿದ್ದಳೇ ಹೊರತು ಟಿವಿಯಲ್ಲಿ ನೋಡಿರಲಿಲ್ಲ. ಇದರಲ್ಲಿ ನಮ್ಮೂರಿನವರಿಗೆ ದುಃಖಪಡುವಂಥದ್ದೇನೂ ಇಲ್ಲ. ಕೋಳಿವಾಡದ ಆ ಕವಿ ಗದಗಿನ ವೀರನಾರಾಯಣನ ಗುಡಿಯ ಕಂಬಕ್ಕೊರಗಿ, ಉಟ್ಟ ಬಟ್ಟೆಯ ತೇವ ಆರುವವರೆಗೆ ಮಾತ್ರ ಕಾವ್ಯ ರಚಿಸುತ್ತಿದ್ದನೆಂಬ ಐತಿಹ್ಯವನ್ನು ನಾವೆಲ್ಲ ಹುಟ್ಟಿದಾಗಿನಿಂದ ಕೇಳಿದ್ದೇವೆ. ದಿನಕ್ಕೆ ಇಷ್ಟೇ ಎಂಬ ಅಳತೆಯಲ್ಲೇ ಹತ್ತು ಪರ್ವಗಳಾದವು.

ಆ ಕಂತು ನಮಗೆ ಬಂದದ್ದು 2023ರ ಆಗಸ್ಟ್ 20ರಂದು, ನಾಗರಪಂಚಮಿಯ ಮುನ್ನಾದಿನ. ತಂಗಿ ಮಕ್ಕಳೊಂದಿಗೆ ತವರಿಗೆ ಬಂದಿದ್ದಳು; ಅಡಿಗೆಮನೆಯಲ್ಲಿ ಉಂಡಿಯ ಬೆಲ್ಲದ ವಾಸನೆ ಹರಡಿತ್ತು. ಅವ್ವ ಶೇಂಗಾ ಹುರಿಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಕೈ ಒರೆಸಿಕೊಂಡು, ಗೋಡೆಗೆ ಆತು ಕುಳಿತಳು. ಹಾಡು ಶುರುವಾದೊಡನೆ ತಂಗಿಯ ಮಗ “ಮಾಮಾ, ಮುಂದ ಓಡಸ್ರಿ” ಎಂದ. ಅವ್ವ ತಿರುಗಿ ನೋಡಿದ್ದಕ್ಕೆ ಸುಮ್ಮನಾದ.

ನಾನು ಮಾತ್ರ ಠರಾವು ಮುರಿದಿದ್ದೆ. ಬುಧವಾರ ರಾತ್ರಿ ನಿದ್ದೆ ಬಾರದೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ಆ ಕಂತನ್ನು ಕದ್ದು ನೋಡಿದ್ದೆ. ಮುಂದೇನಾಗುವುದೆಂದು ಯಾರಿಗೆ ಗೊತ್ತಿಲ್ಲ? ಕೃಷ್ಣ ಬರುತ್ತಾನೆ, ಸೀರೆ ಮುಗಿಯುವುದಿಲ್ಲ. ಆದರೂ ರವಿವಾರ ಎಲ್ಲರ ನಡುವೆ ಕುಳಿತಾಗ ನನ್ನ ಪಾಲಿನದನ್ನು ನಾನೊಬ್ಬನೇ ಮೊದಲೇ ತಿಂದು ಮುಗಿಸಿದಂತಾಗಿತ್ತು. ಪರದೆಯಲ್ಲಿ ನನಗೇನೂ ಉಳಿದಿರಲಿಲ್ಲವಾದ್ದರಿಂದ ನಾನು ಅವ್ವನನ್ನೇ ನೋಡುತ್ತ ಕುಳಿತೆ.

ರೂಪಾ ಗಂಗೂಲಿಯವರ ದ್ರೌಪದಿ ಸಭೆಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಪ್ರಶ್ನಿಸುವಾಗ ಅವ್ವ ಅಲುಗಾಡಲಿಲ್ಲ. ಹಿಂದಿ ಅವಳಿಗೆ ಇವತ್ತಿಗೂ ಅಷ್ಟಕ್ಕಷ್ಟೇ. ಅರ್ಥ ಹೇಳಲು ಮಾಸ್ತರರೂ ಈಗಿಲ್ಲ. ದುಃಶಾಸನ ಸೀರೆ ಸೆಳೆಯತೊಡಗಿದಾಗ ಅವಳ ಬೆರಳುಗಳು ಮಡಿಲಲ್ಲಿ ಆಡತೊಡಗಿದವು. ಹೆಬ್ಬೆರಳು ಮತ್ತು ತೋರುಬೆರಳು ಕೂಡಿ ತಿರುವಿ, ಬಿಟ್ಟು, ಮತ್ತೆ ಕೂಡಿದವು. ಸೀರೆಯ ಒಡಲಿನ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡಿದ ನೂಲಿನ, ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಸಿಕ್ಕಿಸುವ ಕೊಂಡಿಯ ಕೆಲಸವನ್ನು ಮದುವೆಯಾದಾಗಿನಿಂದ ಮಾಡಿದ ಬೆರಳುಗಳವು. ಅರಿವೆಯ ರಾಶಿ ನೆಲದ ಮೇಲೆ ಏರುತ್ತಿದ್ದಂತೆ ಅವಳು ಯಾರಿಗೂ ಅಲ್ಲದಂತೆ ಹೇಳಿದಳು: “ಸೆರಗು ಅವನ ಕೈಯಾಗ ಹೋತು. ಒಡಲs ಮುಗೀವಲ್ದು. ಇಷ್ಟುದ್ದ ಹಾಸು ಯಾರು ಹಾಕಿದ್ರೋ ಏನೋ.” ನಮ್ಮ ಮಗ್ಗದಲ್ಲಿ ಒಂದು ಹಾಸಿನಿಂದ ಒಂದೇ ಸೀರೆ ಇಳಿಯುತ್ತಿತ್ತು. ಕದ್ದು ನೋಡಿದ ರಾತ್ರಿ ನನಗೆ ಈ ಹಾಸಿನ ಲೆಕ್ಕ ನೆನಪಾಗಿರಲೇ ಇಲ್ಲ.

ಕಂತು ಮುಗಿಯಿತು. ಮಕ್ಕಳು ಜೋಕಾಲಿಗೆ ಓಡಿದರು. ನಾನು ಡೈರಿ ತೆಗೆದು ಅಪ್ಪನ ‘ಕರೆಂಟ ಇಲ್ಲ’ದ ಕೆಳಗೆ ಬರೆಯಲು ಪೆನ್ನಿನ ಮುಚ್ಚಳ ಬಿಚ್ಚಿದೆ.

“ನೀ ಮೊದಲs ನೋಡಿದ್ದೆಲ್ಲಾ?” ಎಂದಳು ಅವ್ವ.

ಸುಳ್ಳು ಹೇಳಲಾಗಲಿಲ್ಲ.

“ಯಾವತ್ತ ನೋಡಿದಿ?”

“ಬುಧವಾರ, ರಾತ್ರಿ.”

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ರವಿವಾರದ ಪುಟದಲ್ಲಿ ತನ್ನ ದೊಡ್ಡ, ಬಿಡಿಬಿಡಿ ಅಕ್ಷರಗಳಲ್ಲಿ ‘ಸೀರಿ’ ಎಂದು ಬರೆದಳು. ಆಮೇಲೆ ನಾಲ್ಕು ಹಾಳೆ ಹಿಂದಕ್ಕೆ ತಿರುವಿ ಡೈರಿಯನ್ನು ನನ್ನ ಮುಂದಿಟ್ಟಳು. “ನಿಂದು ಬುಧವಾರದ ಹಾಳ್ಯಾಗ ಬರಕೋ. ಇದು ನಂದು, ನಿಮ್ಮಪ್ಪಂದು” ಎಂದು ಹೇಳಿ, ಒಲೆಯ ಮೇಲಿನ ಶೇಂಗಾ ನೋಡಲು ಎದ್ದು ಹೋದಳು. ಆ ಪುಟದಲ್ಲಿ ನೂಲಿನ ಬಾಕಿಯ ದೊಡ್ಡ ಲೆಕ್ಕವಿತ್ತು. ಅದರ ಪಕ್ಕದ ಸಂದಿಯಲ್ಲಿ ಹೇಗೋ ಜಾಗ ಮಾಡಿಕೊಂಡು ಬರೆದೆ.