ಬ್ರಿಟನ್ನಿನಲ್ಲಿ ಕೆಲಸದ ಮೇಲೆ ಗಾಯವಾದರೆ: ವರದಿ ಮಾಡಬೇಕಾದವರು ಮಾಲೀಕರು

ಮಂಗಳೂರು, ಬೆಂಗಳೂರು ಕಡೆಯಿಂದ ನರ್ಸ್ ಆಗಿಯೋ ಕೇರ್ ಹೋಮ್ (ವೃದ್ಧರ, ಅಶಕ್ತರ ಆರೈಕೆ ಮನೆ) ಕೆಲಸಕ್ಕೋ ಬ್ರಿಟನ್ನಿಗೆ ಹೋದವರು ನಿಮ್ಮ ಮನೆಯವರಲ್ಲಿದ್ದರೆ, ಈ ಹೆಸರನ್ನು ಅವರ ಕಿವಿಗೆ ಹಾಕಿ: ರಿಡ್ಡರ್. 2013ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮಾವಳಿ ಇದು. ಕೆಲಸದಿಂದಾದ ಸಾವು, ಗಂಭೀರ ಗಾಯ, ಕೆಲವು ಕಾಯಿಲೆ, ಅಪಾಯಕಾರಿ ಘಟನೆ ಇವನ್ನೆಲ್ಲ ಸರ್ಕಾರಕ್ಕೆ ತಿಳಿಸುವ ಹೊಣೆ ಮಾಲೀಕರದು. ಗಾಯಗೊಂಡವರು ತಾವೇ ಈ ಫಾರಂ ತುಂಬುವಂತಿಲ್ಲ. ಹಾಗೆಂದು ಅವರು ಸುಮ್ಮನೆ ಕೂತರೆ ಕೆಲಸ ಕೆಡುತ್ತದೆ. ಮಾಲೀಕರು ಏನು ವರದಿ ಮಾಡುತ್ತಾರೆ ಎಂಬುದು ಮೊದಲ ದಿನ ಕೆಲಸದ ಜಾಗದ ಅಪಘಾತ ಪುಸ್ತಕದಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿರುತ್ತದೆ.

ಸಾವು ಸಂಭವಿಸಿದರೆ, ಅಥವಾ ಪಟ್ಟಿಯಲ್ಲಿರುವ ಗಂಭೀರ ಗಾಯವಾದರೆ ತಡಮಾಡದೆ ತಿಳಿಸಬೇಕು, 10 ದಿನದೊಳಗೆ ವರದಿ ಸೇರಬೇಕು. ಕೈಕಾಲಿನ ಬೆರಳುಗಳನ್ನು ಬಿಟ್ಟು ಬೇರೆ ಯಾವ ಮೂಳೆ ಮುರಿದರೂ ಅದು ಪಟ್ಟಿಯಲ್ಲಿದೆ. ಅಂಗಚ್ಛೇದ, ದೃಷ್ಟಿನಷ್ಟ, ಮೈಯ ಶೇ. 10ಕ್ಕಿಂತ ಹೆಚ್ಚು ಸುಟ್ಟದ್ದು, ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ್ದು ಸಹ. ಮಣಿಕಟ್ಟು ಮುರಿದವರು ಮರುದಿನವೇ ಪ್ಲಾಸ್ಟರ್ ಹಾಕಿಕೊಂಡು ಡ್ಯೂಟಿಗೆ ಬಂದರೂ ವರದಿ ತಪ್ಪುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ಏಳು ದಿನದ ಲೆಕ್ಕದಲ್ಲಿ. ಗಾಯ ಆ ಪಟ್ಟಿಯಲ್ಲಿ ಇಲ್ಲದಿದ್ದರೂ, ಸತತ ಏಳು ದಿನಕ್ಕಿಂತ ಹೆಚ್ಚು ಕಾಲ ಎಂದಿನ ಕೆಲಸ ಮಾಡಲಾಗದಿದ್ದರೆ, ಅಪಘಾತದ ದಿನದಿಂದ 15 ದಿನದೊಳಗೆ ವರದಿ ಮಾಡಬೇಕು. ಅಪಘಾತದ ದಿನ ಎಣಿಕೆಗೆ ಬರುವುದಿಲ್ಲ. ವಾರದ ರಜೆ, ಶಿಫ್ಟ್ ಇಲ್ಲದ ದಿನ ಎಲ್ಲ ಬರುತ್ತವೆ. 3ನೇ ತಾರೀಖು ಪೆಟ್ಟಾದರೆ 4ರಿಂದ ಎಣಿಸಿ. 10ಕ್ಕೆ ಏಳು ದಿನ ಮುಗಿಯುತ್ತದೆ. 11ರಂದೂ ಆಗದಿದ್ದರೆ 18ರೊಳಗೆ ವರದಿ ಹೋಗಬೇಕು. ‘ಲೈಟ್ ಡ್ಯೂಟಿ ಕೊಟ್ಟಿದ್ದೇವೆ, ರಜೆಯೇ ಹಾಕಿಲ್ಲವಲ್ಲ’ ಎನ್ನುವ ಮ್ಯಾನೇಜರ್‌ಗಳಿದ್ದಾರೆ. ಅದು ತಪ್ಪು. ನಿವಾಸಿಗಳನ್ನು ಎತ್ತಿ ಕೂರಿಸುವ ಕೆಲಸದವರನ್ನು ಆಫೀಸಿನಲ್ಲಿ ಫೈಲ್ ಜೋಡಿಸಲು ಕೂರಿಸಿದರೆ, ಎಂದಿನ ಕೆಲಸ ಮಾಡಲಾಗದ ದಿನಗಳ ಲೆಕ್ಕ ನಿಲ್ಲುವುದಿಲ್ಲ. ಮೂರು ದಿನ ಮೀರಿದರೂ ಏಳು ದಿನ ದಾಟದ್ದನ್ನು ವರದಿ ಮಾಡಬೇಕಿಲ್ಲ, ಆದರೆ ದಾಖಲಿಸಲೇಬೇಕು. ನಮ್ಮ ಭಾರತದಲ್ಲಿ 1948ರ ಫ್ಯಾಕ್ಟರಿ ಕಾಯ್ದೆಯ 88ನೇ ಸೆಕ್ಷನ್ 48 ಗಂಟೆಯ ಗಡಿ ಇಟ್ಟಿತ್ತು. ಆ ಅಭ್ಯಾಸದಲ್ಲಿ ಬಂದವರಿಗೆ ಬ್ರಿಟನ್ನಿನ ಏಳು ದಿನ ಸಡಿಲವೆನಿಸಬಹುದು.

ಇನ್ನು ಸೊಂಟನೋವು. ವರ್ಷಗಟ್ಟಲೆ ಎತ್ತಿ ಇಳಿಸಿ ಮೆಲ್ಲಗೆ ಬೆಳೆದ ನೋವು ಅಪಘಾತವೆನಿಸದು. ಗುರುತಿಸಬಹುದಾದ ಒಂದು ಘಟನೆ ಬೇಕು, ಅದಕ್ಕೂ ಕೆಲಸ ನಡೆದ ರೀತಿಗೋ ಉಪಕರಣಕ್ಕೋ ನೆಲದ ಸ್ಥಿತಿಗೋ ಸಂಬಂಧ ಇರಬೇಕು. ಆದ್ದರಿಂದ ಅಪಘಾತ ಪುಸ್ತಕದಲ್ಲಿ ‘ಬೆನ್ನು ನೋವು’ ಎಂದಷ್ಟೇ ಬರೆಸಬೇಡಿ. ‘ಬೆಳಿಗ್ಗೆ 6.40, ಹೋಯಿಸ್ಟ್ (ನಿವಾಸಿಯನ್ನು ಎತ್ತುವ ಯಂತ್ರ) ಬ್ಯಾಟರಿ ಚಾರ್ಜ್ ಇರಲಿಲ್ಲ, ಎರಡನೆಯ ಸಿಬ್ಬಂದಿ ಇರಲಿಲ್ಲ, ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ಸೊಂಟ ಹಿಡಿಯಿತು’ ಎಂದು ಬರೆಸಿ, ಅದರ ಪ್ರತಿ ಕೇಳಿ. ನಿವಾಸಿಯೊಬ್ಬರು ಹೊಡೆದು ಗಾಯವಾದರೂ ಅಪಘಾತವೆಂದೇ ಲೆಕ್ಕ. ಹೆಪಟೈಟಿಸ್ ಬಿ, ಸಿ ಅಥವಾ ಎಚ್‌ಐವಿ ಇದೆಯೆಂದು ಗೊತ್ತಿರುವ ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ, ಒಂದು ದಿನವೂ ರಜೆ ಹಾಕದಿದ್ದರೂ ಅದು ಅಪಾಯಕಾರಿ ಘಟನೆಯಾಗಿ ವರದಿಯಾಗಬೇಕು.

ವೀಸಾ ಹೋಗಿಬಿಡುತ್ತದೆ ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡಿರುವವರು ಬಹಳ, ಸಂಕಟವಾಗುವುದೇ ಇದಕ್ಕೆ. ಗಾಯದ ವರದಿ ಹೋಗುವುದು ವಲಸೆ ಇಲಾಖೆಗಲ್ಲ, ಆರೋಗ್ಯ ಮತ್ತು ಸುರಕ್ಷತೆಯ ಅಧಿಕಾರಿಗಳಿಗೆ. ವರದಿ ಮಾಡಿದರೆ ಮಾಲೀಕರು ತಪ್ಪೊಪ್ಪಿಕೊಂಡಂತೆಯೂ ಅಲ್ಲ. ಮಾಡದಿರುವುದು ಮಾತ್ರ ಅಪರಾಧ, ದಂಡಕ್ಕೂ ಜೈಲಿಗೂ ಅವಕಾಶವಿದೆ. ಸುರಕ್ಷತೆಯ ದೂರು ಎತ್ತಿದ್ದಕ್ಕೆ ಕೆಲಸದಿಂದ ತೆಗೆಯುವುದನ್ನು 1996ರ ಉದ್ಯೋಗ ಹಕ್ಕುಗಳ ಕಾಯ್ದೆ ತಡೆಯುತ್ತದೆ. ಮಾಲೀಕರು ವರದಿ ಮಾಡಿಲ್ಲವೆನಿಸಿದರೆ ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇಗೆ ನೇರವಾಗಿ ತಿಳಿಸಬಹುದು, ಯೂನಿಯನ್ ಇದ್ದರೆ ಅಲ್ಲಿನ ಸುರಕ್ಷತಾ ಪ್ರತಿನಿಧಿಯ ಮೂಲಕವೂ ಹೇಳಿಸಬಹುದು. ಪರಿಹಾರದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ರಿಡ್ಡರ್ ದಾಖಲೆಗಳನ್ನೂ ಮಾಲೀಕರು ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಬೇಕು.

ಬೆಲ್‌ಫಾಸ್ಟ್ ಕಡೆ ಹೋಗುವವರಿಗೆ ಮಾತ್ರ ಲೆಕ್ಕ ಬೇರೆ. ಉತ್ತರ ಐರ್ಲೆಂಡಿನಲ್ಲಿ 1997ರ ಪ್ರತ್ಯೇಕ ನಿಯಮಗಳಿವೆ, ಅಲ್ಲಿ ಮೂರು ದಿನ ಮೀರಿದರೇ ವರದಿ ಮಾಡಬೇಕು.