ಅಲಾಸ್ಕಾ ಹಡಗಿನಲ್ಲಿ ನಮ್ಮ ಮೊದಲ ದಿನ

ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಕ್ರೂಸ್ ಹತ್ತಬೇಕೆಂದರೆ, ಗ್ರೀನ್ ಕಾರ್ಡ್ ಇಲ್ಲದ ನಮ್ಮಂಥ ಭಾರತೀಯರು ಮೊದಲು ಕೆನಡಾ ವೀಸಾ ಮಾಡಿಸಿಕೊಳ್ಳಬೇಕು. ಸಿಯಾಟಲ್ ಅಮೆರಿಕದ್ದು, ಅಲಾಸ್ಕಾವೂ ಅಮೆರಿಕದ್ದೇ, ಮತ್ತೆ ಕೆನಡಾ ಯಾಕೆ ಅಂತ ನಾನೂ ಕೇಳಿದ್ದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸುತ್ತಾಡಿಸುವಂತಿಲ್ಲ ಎಂದು 1886ರ ಕಾನೂನೊಂದಿದೆ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಬಹುಪಾಲು ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾದವು. ಹಾಗಾಗಿ ದಾರಿಯಲ್ಲಿ ಕೆನಡಾದ ವಿಕ್ಟೋರಿಯಾ ಊರನ್ನು ಮುಟ್ಟಿ ಬರುತ್ತವೆ. ಊರಿನಿಂದ ಯಾರಾದರೂ ಈ ಪ್ರವಾಸಕ್ಕೆಂದು ಬರುವುದಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ಈ ವೀಸಾ ಕೆಲಸ ಶುರು ಮಾಡಿ. ನಮ್ಮ ಹನಿಮೂನ್ ಜೂನ್‌ವರೆಗೆ ತಡವಾದದ್ದು ಇದರಿಂದಲೇ.

ಮದುವೆ ಹಾಸನದಲ್ಲಿ ಆಗಿತ್ತು. ಬೀಗರೌತಣ ಮುಗಿದದ್ದೇ ಇವರು ಅಮೆರಿಕಕ್ಕೆ, ಕೆಲಸಕ್ಕೆ ವಾಪಸಾದರು. ನಾನು ಚೆನ್ನೈಗೆ ಓಡಾಡಿ, ಅಮೆರಿಕ ವೀಸಾ ಸಿಕ್ಕ ಮೇಲೆ ಬಂದೆ. ಬಂದ ಮೇಲೂ ಇವರಿಗೆ ಆಫೀಸು, ನನಗೆ ಹೊಸ ಮನೆ ಹೂಡುವ ಕೆಲಸ, ಎರಡೂ ಕಡೆಯ ಅಮ್ಮಂದಿರ ಫೋನು. ಒಂದಿಡೀ ದಿನ ಇಬ್ಬರೂ ಕೂತು ಮಾತಾಡಿದ್ದೇ ಇರಲಿಲ್ಲ. ಹಡಗಿನಲ್ಲಿ ಮೊದಲು ನಮಗೆ ಬೇಕಾಗಿದ್ದದ್ದು ಅಷ್ಟೇ.

ಸಿಯಾಟಲ್‌ನ ಹಡಗುಕಟ್ಟೆ ಪಿಯರ್ 91ರಲ್ಲಿ ಕಾರಿನಿಂದ ಇಳಿದ ಜಾಗದಲ್ಲೇ ಪೋರ್ಟರುಗಳು ಪೆಟ್ಟಿಗೆ ತೆಗೆದುಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಅದು ನಮ್ಮ ಕ್ಯಾಬಿನ್ ಬಾಗಿಲಿಗೆ ಬಂದು ಕೂತಿರುತ್ತದೆ. ಅಲ್ಲಿಯವರೆಗೆ ಬೇಕಾಗುವ ಮಾತ್ರೆ, ಪಾಸ್‌ಪೋರ್ಟ್, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್, ಕೆಟಲ್ ತರುವಂತಿಲ್ಲ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಬೀದಿ ಇಲ್ಲವಲ್ಲ, ಅದಕ್ಕೇ ಅಷ್ಟು ಕಟ್ಟುನಿಟ್ಟು.

ಹತ್ತಿದ ಕೂಡಲೇ ಎಲ್ಲರೂ ಬಫೆಗೆ ನುಗ್ಗುತ್ತಾರೆ. ನಾವೂ ಹೋದೆವು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಮನಸ್ಸಿನಲ್ಲಿ ಉಳಿದದ್ದು ಸುರಕ್ಷತೆಯ ಡ್ರಿಲ್. ಹಡಗಿನವರು ಕೊಡುವ ಕಾರ್ಡಿನ ಮೇಲೆ ಒಂದು ಅಕ್ಷರ ಅಚ್ಚಾಗಿರುತ್ತದೆ. ಅಪಾಯವಾದರೆ ಆ ಅಕ್ಷರದ ಜಾಗಕ್ಕೇ ನಾವು ಹೋಗಬೇಕು. ಅಲ್ಲಿಗೆ ಹೋಗಿ ಕಾರ್ಡ್ ತೋರಿಸಿ, ಲೈಫ್ ಜಾಕೆಟ್ ಕಟ್ಟುವ ಬಗೆ ನೋಡಿ, ಏಳು ಚಿಕ್ಕ ಕೂಗು, ಆಮೇಲೆ ಒಂದು ಉದ್ದ ಕೂಗು ಎಂಬ ಎಚ್ಚರಿಕೆಯ ಸದ್ದನ್ನು ಕೇಳಿ ಬರಬೇಕು. ಹಲವರು ಫೋನ್ ನೋಡುತ್ತ ನಿಂತಿದ್ದರು. ನನಗೆ ಬೇಸರವಾಯಿತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಎಂಬುದು ಆಗಿನ ನಿಯಮ. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಆಗಲೇಬೇಕು. ಇವರು ನನ್ನ ಕೈ ಹಿಡಿದು, ಕ್ಯಾಬಿನ್‌ನಿಂದ ಆ ಜಾಗದವರೆಗೆ ಮೆಟ್ಟಿಲಲ್ಲೇ ಇನ್ನೊಮ್ಮೆ ನಡೆಸಿಕೊಂಡು ಬಂದರು. "ಲಿಫ್ಟ್ ನಿಂತುಹೋದ್ರೆ ದಾರಿ ಗೊತ್ತಿರ್ಬೇಕು ಕಣೇ" ಅಂದರು. ಇವರ ಈ ಜಾಗ್ರತೆಯ ಸ್ವಭಾವ ನನಗೆ ತಿಳಿದದ್ದೇ ಆಗ. ನಿಶ್ಚಿತಾರ್ಥದಿಂದ ಫೋನಿನಲ್ಲಿ ಎಷ್ಟು ಮಾತಾಡಿದ್ದರೂ ಇದು ಕಂಡಿರಲಿಲ್ಲ.

ನಾಲ್ಕರ ಸುಮಾರಿಗೆ ಹಗ್ಗ ಬಿಚ್ಚಿದರು. ಅಷ್ಟು ದೊಡ್ಡ ಹಡಗು ಮುಂದಕ್ಕೆ ಹೋಗುವ ಬದಲು ಅಡ್ಡಡ್ಡ ಸರಿದು ದಡ ಬಿಟ್ಟಿತು. ಬದಿಗೆ ತಳ್ಳುವ ಥ್ರಸ್ಟರ್‌ಗಳು ನೀರಿನ ಕೆಳಗೆ ಇರುತ್ತವಂತೆ. ಎಲಿಯಟ್ ಕೊಲ್ಲಿಯ ಆಚೆ ಊರಿನ ಗಗನಚುಂಬಿಗಳು, 1962ರ ವಿಶ್ವಮೇಳಕ್ಕೆ ಕಟ್ಟಿದ ಸ್ಪೇಸ್ ನೀಡಲ್, ದೂರದಲ್ಲಿ ಹಿಮ ಹೊದ್ದ ಮೌಂಟ್ ರೇನಿಯರ್. ಅದು 4,392 ಮೀಟರ್ ಎತ್ತರ, ಮೋಡವಿಲ್ಲದ ದಿನ ಮಾತ್ರ ದರ್ಶನ ಕೊಡುತ್ತದೆ. ವೆಸ್ಟ್ ಪಾಯಿಂಟ್ ದೀಪಸ್ತಂಭ ದಾಟಿದ ಮೇಲೆ ಗಾಳಿ ಎಷ್ಟು ಚಳಿ ಬಂತೆಂದರೆ, ಜೂನ್ ಅಂತ ನಂಬಿ ತೆಳು ಚೂಡಿದಾರ್‌ನಲ್ಲಿ ಬರುವವರಿಗೆ ಈಗಲೇ ಹೇಳಿಬಿಡುತ್ತೇನೆ: ದಪ್ಪ ಜಾಕೆಟ್ ಬೇಕೇ ಬೇಕು. ಫೋನುಗಳನ್ನು ಏರ್‌ಪ್ಲೇನ್ ಮೋಡಿಗೆ ಹಾಕಿದೆವು. ಹಡಗಿನ ನೆಟ್‌ವರ್ಕ್ ಹಿಡಿದುಕೊಂಡರೆ ಬಿಲ್ ಏರುತ್ತದೆ. ವೈಫೈ ದುಡ್ಡು ಕೊಟ್ಟು ಕೊಳ್ಳಲಿಲ್ಲ. ಆ ಮೂರು ಗಂಟೆ ಡೆಕ್ಕಿನ ಮೇಲೆ ಇವರು ಹೇಳಿದ ಬಾಲ್ಯದ ಕತೆ, ತೀರಿಹೋದ ಅಜ್ಜನ ಕತೆ, ನಾನು ಕೆಲಸ ಬಿಟ್ಟು ಬಂದ ಸಂಕಟ, ಎಲ್ಲವೂ ಹೊರಬಂದವು. ಗಂಡನ ಕೆಲಸದ ವೀಸಾದ ಆಧಾರದ ಮೇಲೆ ಹೆಂಡತಿಗೆ ಸಿಗುವ ನನ್ನ ಎಚ್4 ವೀಸಾದಲ್ಲಿ ಸದ್ಯಕ್ಕೆ ಕೆಲಸ ಮಾಡುವಂತಿಲ್ಲ. ಅದು ಎಷ್ಟು ನೋಯಿಸುತ್ತಿದೆ ಅಂತ ನಾನು ಬಾಯಿಬಿಟ್ಟು ಹೇಳಿದ್ದು ಅಲ್ಲಿಯೇ.

ಊಟಕ್ಕೆ ನಮ್ಮದು ತಡದ ಪಾಳಿ, ಕಿಟಕಿ ಪಕ್ಕದ ಟೇಬಲ್. ಸಿಬ್ಬಂದಿಯ ಹೆಸರಿನ ಬಿಲ್ಲೆಯಲ್ಲಿ ದೇಶವನ್ನೂ ಬರೆದಿರುತ್ತಾರೆ. ಹೆಚ್ಚಿನವರು ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತದವರು. ನಮ್ಮ ವೇಟರ್ ಬಿಲ್ಲೆಯಲ್ಲಿ ಇಂಡಿಯಾ ಅಂತ ಇತ್ತು. ನಾವು ಕನ್ನಡ ಮಾತಾಡುವುದು ಕೇಳಿ ನಿಂತೇಬಿಟ್ಟರು. "ನೀವು ಊರಿನವರಾ? ನಂದು ಮೂಡುಬಿದಿರೆ ಹತ್ರ." ಮಂಗಳೂರು, ಉಡುಪಿ ಕಡೆಯ ಹುಡುಗರು ಹಡಗಿನ ಕೆಲಸಕ್ಕೆ ಹೋಗುವುದು ನಮಗೆಲ್ಲ ಗೊತ್ತಿರುವುದೇ, ಆದರೆ ಆ ದನಿ ಅಲ್ಲಿ ಕೇಳಿದಾಗ ನನಗೆ ಕಣ್ಣು ತುಂಬಿತು. ನಾವು ಮಾಂಸ ತಿನ್ನುವವರಲ್ಲ ಎಂದಾಗ, "ಎಂತ ಬೇಕು ಹೇಳಿ, ಒಂದು ದಿನ ಮೊದ್ಲೇ ಹೇಳಿದ್ರೆ ದಾಲು, ಪಲ್ಯ ಎಲ್ಲ ಮಾಡಿಸ್ತೇನೆ" ಅಂದರು.

ಕಿಟಕಿಯಾಚೆ ಪೋರ್ಟ್ ಏಂಜಲಿಸ್ ಎಂಬ ಊರಿನ ಕಡೆಯಿಂದ ಒಂದು ಚಿಕ್ಕ ದೋಣಿ ಹಡಗಿನ ಪಕ್ಕಕ್ಕೇ ಬಂತು. ಸಿಯಾಟಲ್ ಪಕ್ಕದ ಒಳಸಮುದ್ರವಾದ ಪ್ಯೂಜೆಟ್ ಸೌಂಡ್‌ನ ನೀರು ಬಲ್ಲ ಸ್ಥಳೀಯ ಪೈಲಟ್ ಇಲ್ಲಿಯವರೆಗೆ ದಾರಿ ತೋರಿಸಿ, ಹಗ್ಗದ ಏಣಿಯಲ್ಲಿ ಇಳಿದು ಆ ದೋಣಿಗೆ ಹೋಗುತ್ತಾರೆಂದು ನಮ್ಮ ವೇಟರೇ ವಿವರಿಸಿದರು. "ಇನ್ನು ಹುವಾನ್ ಡೆ ಫೂಕಾ ಜಲಸಂಧಿ ದಾಟಿ ದೊಡ್ಡ ಸಮುದ್ರ ಸಿಗ್ತದೆ. ರಾತ್ರಿ ಸ್ವಲ್ಪ ಅಲ್ಲಾಡ್ತದೆ, ಹೆದರ್ಬೇಡಿ. ಅಲೆ ತಡೀಲಿಕ್ಕೆ ಅಡಿಯಲ್ಲಿ ರೆಕ್ಕೆ ಉಂಟು."

ಹನಿಮೂನ್ ಅಂತ ಗೊತ್ತಾದಾಗ ಕೈಮುಗಿದು ಶುಭ ಹಾರೈಸಿದರು. ಅವರದೂ ಹೊಸ ಮದುವೆಯಂತೆ. ಒಪ್ಪಂದ ಎಂಟು ತಿಂಗಳದ್ದು, ವಾರದ ರಜೆ ಅಂತ ಇಲ್ಲ, ಹೆಂಡತಿ ಊರಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾರೆ. ಇಲ್ಲಿ ರಾತ್ರಿ ಹತ್ತೂವರೆ ಎಂದರೆ ಅಲ್ಲಿ ಬೆಳಿಗ್ಗೆ ಹನ್ನೊಂದು. ಆಗ ಆಕೆ ಕೌಂಟರ್‌ನಿಂದ ಐದು ನಿಮಿಷ ಎದ್ದು ಬರುತ್ತಾರೆ. ನಮ್ಮ ವೇಟರ್ ನೋಡಿಕೊಳ್ಳುವ ಟೇಬಲ್‌ಗಳು ಅಷ್ಟರೊಳಗೆ ಖಾಲಿಯಾದರೆ ಮಾತು, ಇಲ್ಲದಿದ್ದರೆ ಮರುದಿನ.

ಐಸ್‌ಕ್ರೀಂ ತರಲೇ ಎಂದು ಕೇಳಿದರು. ನಾವು ಬೇಡವೆಂದು ಹೇಳಿ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು ಎದ್ದೆವು.