ಕತ್ತಲಲ್ಲೇ ಮುಗಿಯುವ ಕೀರ್ತನೆ

ಈ ಕಷ್ಟದ ದಿನಗಳಲ್ಲಿ ನನ್ನ ನಂಬಿಕೆಯನ್ನು ಬೀಳದಂತೆ ಹಿಡಿದಿರುವುದು ಸತ್ಯವೇದದ, ಅಂದರೆ ಬೈಬಲಿನ, 88ನೆಯ ಕೀರ್ತನೆ. ಪ್ರಲಾಪದ ಕೀರ್ತನೆಗಳಲ್ಲಿ ಬಹುಪಾಲು ಅಳುವಿನಿಂದ ಆರಂಭವಾಗಿ ಸ್ತುತಿಯ ಕಡೆಗೆ ತಿರುಗುತ್ತವೆ. ಹೇಮಾನನೆಂಬ ಪುರಾತನ ಭಕ್ತನ ಹೆಸರಿನಲ್ಲಿರುವ ಈ ಕೀರ್ತನೆ ಮಾತ್ರ 18 ವಚನಗಳುದ್ದಕ್ಕೂ ಮೊರೆಯಿಟ್ಟು, ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದು ಮಾತು ಆರಂಭಿಸುವುದು ದೇವರನ್ನು ರಕ್ಷಕನೆಂದು ಕರೆದೇ. ಇಂಥ ಪ್ರಾರ್ಥನೆಯನ್ನು ಅಳಿಸಿಹಾಕದೆ ಆರಾಧನೆಯ ಗೀತೆಗಳ ನಡುವೆ ಉಳಿಸಿಕೊಟ್ಟ ಹಿಂದಿನ ಭಕ್ತರಿಗೆ ನಾನು ಋಣಿ.

ದೇವರ ಮುಂದೆ ದೂರುವುದು ಅಪನಂಬಿಕೆಯೆಂದು ಕೆಲವರು ಪ್ರೀತಿಯಿಂದಲೇ ಎಚ್ಚರಿಸುತ್ತಾರೆ. ಅದನ್ನು ನಾನು ಒಪ್ಪಲಾರೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿ ಹೇಳಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನು, ಏಕೆ ಕೈಬಿಟ್ಟೆ ಎಂಬ ಪ್ರಶ್ನೆಯನ್ನು. ಯೇಸುವಿನ ಅಪೊಸ್ತಲನಾದ ಪೌಲನೂ ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆ, ತೊಲಗಲೆಂದು ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆಯೇ ಸಾಕೆಂಬ ಉತ್ತರ ಬಂದಿತು. ಆ ಉತ್ತರವನ್ನು ಮನಃಪೂರ್ವಕವಾಗಿ ಸ್ವೀಕರಿಸಲು ನನಗೆ ಇನ್ನೂ ಕಾಲ ಬೇಕಾಗಿದೆ.

ಹಾಗೆಂದು ಒಬ್ಬರೇ ಹೋರಾಡಬೇಕಾಗಿಲ್ಲ. ಕಪೆರ್ನೌಮ್ ಎಂಬ ಊರಿನಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದು, ಜನಸಂದಣಿಯಿಂದಾಗಿ ಒಳಗೆ ಹೋಗಲಾಗದೆ, ಮಾಳಿಗೆಯನ್ನೇ ಬಿಚ್ಚಿ ಅವನನ್ನು ಕೆಳಗಿಳಿಸಿದಾಗ, ಯೇಸು ಅವರ ನಂಬಿಕೆಯನ್ನು ನೋಡಿ ಅವನೊಡನೆ ಮಾತಾಡಿದನೆಂದು ಮಾರ್ಕನು ತನ್ನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಆ ರೋಗಿ ಏನು ಹೇಳಿದನೆಂಬುದು ಅಲ್ಲಿ ಬರೆದಿಲ್ಲ. ನನಗೂ ಈಗ ಪ್ರಾರ್ಥನೆಯಲ್ಲಿ ಮಾತುಗಳು ಹೊರಡುತ್ತಿಲ್ಲವಾದ್ದರಿಂದ, ಇದನ್ನು ಓದುತ್ತಿರುವ ವಿಶ್ವಾಸಿಗಳು ನನಗಾಗಿ ಪ್ರಾರ್ಥಿಸಬೇಕೆಂದು ವಿನಂತಿಸುತ್ತೇನೆ.